ಒಂದನೇ ತರಗತಿಯ ಶೈಕ್ಷಣಿಕ ವರ್ಷದ ಮುಕ್ತಾಯ: ಪೋಷಕರ ತಿಳಿವಳಿಕೆಗಾಗಿ

ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಶೈಕ್ಷಣಿಕ ವರ್ಷವು ಏಪ್ರಿಲ್ ತಿಂಗಳಿನಲ್ಲಿ ಮುಕ್ತಾಯಗೊಳ್ಳುತ್ತದೆ. 2024-25ನೇ ಸಾಲಿನಲ್ಲಿ ಶಾಲೆಗಳು 2024ರ ಮೇ 29ರಂದು ಪ್ರಾರಂಭವಾಗಿ 2025ರ ಏಪ್ರಿಲ್ 10ರಂದು ಮುಕ್ತಾಯಗೊಂಡವು. ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆಯನ್ನು ನೀಡಲಾಗಿತ್ತು. ಪ್ರತಿ ಸಾಲಿನ ನಿಖರ ದಿನಾಂಕಗಳನ್ನು ಆಯಾ ವರ್ಷದ ಶೈಕ್ಷಣಿಕ ಮಾರ್ಗಸೂಚಿಯಲ್ಲಿ ಪ್ರಕಟಿಸಲಾಗುವುದರಿಂದ ಪೋಷಕರು ಅದನ್ನು ಶಾಲೆಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

ಈ ಅವಧಿಯಲ್ಲಿ ಒಂದನೇ ತರಗತಿಯ ಮಕ್ಕಳ ಪೋಷಕರು ಶಿಕ್ಷಕರಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ನಮ್ಮ ಮಗು ಪಾಸಾಯಿತೇ?" ಈ ಪ್ರಶ್ನೆಗೆ ಉತ್ತರವು ಸರಳವಾಗಿದೆ. ಒಂದನೇ ತರಗತಿಯಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದು ಇರುವುದಿಲ್ಲ. ಆದರೆ ಅಷ್ಟನ್ನು ಕೇಳಿಕೊಂಡು ಹಿಂದಿರುಗುವ ಪೋಷಕರು, ಆ ದಿನ ತಿಳಿದುಕೊಳ್ಳಬೇಕಾಗಿದ್ದ ಮುಖ್ಯ ಸಂಗತಿಗಳನ್ನು ತಿಳಿಯದೆಯೇ ಹೋಗುತ್ತಾರೆ. ಆದುದರಿಂದ ಈ ಬಗ್ಗೆ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮುಂದಿನ ತರಗತಿಗೆ ಬಡ್ತಿ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 16ನೇ ಪ್ರಕರಣವು ಶಾಲೆಗೆ ದಾಖಲಾದ ಮಗುವನ್ನು ಅದೇ ತರಗತಿಯಲ್ಲಿ ತಡೆಹಿಡಿಯುವುದನ್ನು ಹಾಗೂ ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸಿತು. ಈ ಪ್ರಕರಣಕ್ಕೆ 2019ರಲ್ಲಿ ತಿದ್ದುಪಡಿ ತರಲಾಗಿದ್ದು, ಅದರಂತೆ 5 ಮತ್ತು 8ನೇ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಲು ಹಾಗೂ ತಡೆಹಿಡಿಯುವ ಬಗ್ಗೆ ತೀರ್ಮಾನಿಸಲು ಸರ್ಕಾರಗಳಿಗೆ ಅವಕಾಶ ನೀಡಲಾಗಿದೆ. ಸದರಿ ತಿದ್ದುಪಡಿಯು ಒಂದನೇ ತರಗತಿಗೆ ಅನ್ವಯಿಸುವುದಿಲ್ಲ. ಹಾಜರಾತಿ ಕಡಿಮೆಯಾಯಿತೆಂದಾಗಲಿ, ಮಗುವಿಗೆ ಇನ್ನೂ ಓದಲು ಬರುವುದಿಲ್ಲವೆಂದಾಗಲಿ, ವರ್ಷದ ಕೊನೆಯ ಮೌಲ್ಯಮಾಪನದ ದಿನ ಮಗು ಬಂದಿರಲಿಲ್ಲವೆಂದಾಗಲಿ ಮಗುವನ್ನು ಮತ್ತೊಂದು ವರ್ಷ ಒಂದನೇ ತರಗತಿಯಲ್ಲಿಯೇ ಕೂರಿಸುವಂತಿಲ್ಲ. ಈ ನಿಯಮವು ಸರ್ಕಾರಿ, ಅನುದಾನಿತ ಹಾಗೂ ಖಾಸಗಿ ಶಾಲೆಗಳೆಲ್ಲಕ್ಕೂ ಒಂದೇ ಆಗಿದೆ.

ಕೆಲವೊಮ್ಮೆ ಪೋಷಕರೇ ಮುಂದೆ ಬಂದು, "ಮಗು ಇನ್ನೂ ಚಿಕ್ಕದು, ಇನ್ನೊಂದು ವರ್ಷ ಅಲ್ಲಿಯೇ ಇರಲಿ" ಎಂದು ಕೋರುವುದುಂಟು. ಒಳ್ಳೆಯ ಉದ್ದೇಶದಿಂದಲೇ ಹಾಗೆ ಹೇಳಲಾಗುತ್ತದೆ. ಆದರೆ ಜೊತೆಯ ಮಕ್ಕಳೆಲ್ಲ ಮುಂದೆ ಹೋಗಿ ತಾನೊಬ್ಬನೇ ಉಳಿದಾಗ ಆರು-ಏಳು ವರ್ಷದ ಮಗುವಿಗೆ ಅರ್ಥವಾಗುವುದು ತಾನು ದಡ್ಡನೆಂಬುದು ಮಾತ್ರ. ಕಲಿಕೆಯಲ್ಲಿ ಹಿಂದುಳಿದಿದ್ದರೆ ಅದನ್ನು ಸರಿಪಡಿಸಲು ತರಗತಿಯೊಳಗೇ ಬೇರೆ ಮಾರ್ಗವಿದೆ.

ಮಗು ಯಾವ ಮೆಟ್ಟಿಲಿನಲ್ಲಿದೆ?

ಈ ಮಾರ್ಗವನ್ನು ತಿಳಿಯಲು ನಲಿ-ಕಲಿ ಪದ್ಧತಿಯ ಪರಿಚಯ ಅಗತ್ಯ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡ ಈ ಪದ್ಧತಿಯನ್ನು 2009-10ನೇ ಸಾಲಿನಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಲಾಯಿತು. ಈ ಪದ್ಧತಿಯಂತೆ ನಡೆಯುವ ಕೊಠಡಿಯಲ್ಲಿ ಒಂದನೇ, ಎರಡನೇ ಹಾಗೂ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ವೃತ್ತಾಕಾರದ ಗುಂಪುಗಳಲ್ಲಿ ಕುಳಿತು ಕಲಿಯುತ್ತಾರೆ. ಈ ಗುಂಪುಗಳಿಗೆ 'ತಟ್ಟೆ'ಗಳೆಂದು ಹೆಸರು. ಹೊಸ ಪಾಠ ಕಲಿಯುವ ಮಗು ಶಿಕ್ಷಕರ ಬಳಿಯ ತಟ್ಟೆಯಲ್ಲಿಯೂ, ಕಲಿತದ್ದನ್ನು ಅಭ್ಯಾಸ ಮಾಡುವ ಮಗು ಗೆಳೆಯರ ನೆರವಿನ ತಟ್ಟೆಯಲ್ಲಿಯೂ, ತಾನಾಗಿಯೇ ಮಾಡಬಲ್ಲ ಮಗು ಸ್ವಕಲಿಕೆಯ ತಟ್ಟೆಯಲ್ಲಿಯೂ ಕುಳಿತುಕೊಳ್ಳುತ್ತದೆ. ಗೋಡೆಯ ಮೇಲೆ 'ಕಲಿಕಾ ಏಣಿ' ಇರುತ್ತದೆ. ಏಣಿಯನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಲಾಗಿದ್ದು, ಪ್ರತಿ ಮೆಟ್ಟಿಲಿಗೂ ಚಿತ್ರಸಂಕೇತವುಳ್ಳ ಒಂದು ಕಾರ್ಡು ಇರುತ್ತದೆ. ಅಕ್ಷರ ಬಾರದ ಮಗುವೂ ಚಿತ್ರವನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ.

ಮೌಲ್ಯಮಾಪನವೂ ಈ ಏಣಿಯ ಒಳಗೇ ಅಡಕವಾಗಿದೆ. ನಿಗದಿತ ಮೆಟ್ಟಿಲುಗಳನ್ನು ಮುಗಿಸಿದ ಮಗು ಮೌಲ್ಯಮಾಪನದ ಕಾರ್ಡನ್ನು ತಲುಪುತ್ತದೆ; ಅದನ್ನು ಮಾಡಲಾಗದಿದ್ದರೆ ಪೂರಕ ಅಭ್ಯಾಸ ಮಾಡಿ ಪುನಃ ಪ್ರಯತ್ನಿಸುತ್ತದೆ. ಮಗು ತಲುಪಿದ ಮೆಟ್ಟಿಲನ್ನು 'ಪ್ರಗತಿ ನೋಟ'ದಲ್ಲಿ ಗುರುತಿಸಲಾಗುತ್ತದೆ.

ವರ್ಷ ಮುಗಿಯುವಾಗ ಈ ವ್ಯವಸ್ಥೆಯ ಅತಿ ಮುಖ್ಯ ಅಂಶವು ಮುನ್ನೆಲೆಗೆ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಮಗು ಒಂದನೇ ತರಗತಿಯ ಎಲ್ಲ ಮೆಟ್ಟಿಲುಗಳನ್ನು ಮುಗಿಸಿರಲೇಬೇಕೆಂದಿಲ್ಲ. ಮಗು ಎರಡನೇ ತರಗತಿಗೆ ಬಡ್ತಿ ಹೊಂದುತ್ತದೆ; ಆದರೆ ಕಲಿಕೆಯನ್ನು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಸುತ್ತದೆ. ಹಾಗಾಗಿ "ಪಾಸಾಯಿತೇ" ಎಂದು ಕೇಳುವ ಬದಲು "ನನ್ನ ಮಗು ಕನ್ನಡದಲ್ಲಿ ಯಾವ ಮೆಟ್ಟಿಲಿನಲ್ಲಿದೆ, ಗಣಿತದಲ್ಲಿ ಯಾವ ಮೆಟ್ಟಿಲಿನಲ್ಲಿದೆ, ಯಾವ ಕಾರ್ಡಿನ ಬಳಿ ಹೆಚ್ಚು ದಿನ ನಿಂತಿತು" ಎಂದು ಕೇಳುವುದು ಉಪಯುಕ್ತ. ಒಂದೇ ಕಾರ್ಡಿನ ಬಳಿ ಬಹಳ ದಿನ ನಿಂತ ಮಗುವಿಗೆ ಕೆಲವೊಮ್ಮೆ ಕಣ್ಣಿನ ದೃಷ್ಟಿಯದೋ ಕಿವಿಯದೋ ತೊಂದರೆ ಇರಬಹುದು. ಇದು ಶ್ರೇಣಿಯ ಅಕ್ಷರದಿಂದ ತಿಳಿಯುವ ಸಂಗತಿಯಲ್ಲ.

ನಲಿ-ಕಲಿ ಇಲ್ಲದ ಶಾಲೆಗಳಲ್ಲಿಯೂ ಇದೇ ತತ್ವ ಅನ್ವಯಿಸುತ್ತದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಡಿ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳನ್ನು ನಡೆಸಿ, ಪ್ರಗತಿ ಪತ್ರದಲ್ಲಿ ಶ್ರೇಣಿಯನ್ನು ನಮೂದಿಸಲಾಗುತ್ತದೆ. ಶ್ರೇಣಿಯು ಮಗುವಿನ ಕಲಿಕೆಯ ಒಂದು ಸೂಚನೆಯೇ ಹೊರತು ಬಡ್ತಿಯ ಷರತ್ತಲ್ಲ.

'ಅ, ಆ, ಇ, ಈ' ಬರುವುದಿಲ್ಲವೆಂಬ ದೂರು

ವರ್ಷಾಂತ್ಯದಲ್ಲಿ ಕೇಳಿಬರುವ ಮತ್ತೊಂದು ದೂರನ್ನು ಇಲ್ಲಿಯೇ ಪ್ರಸ್ತಾಪಿಸುವುದು ಸೂಕ್ತ. "ಹತ್ತು ತಿಂಗಳು ಶಾಲೆಗೆ ಹೋದರೂ ಮಗುವಿಗೆ ವರ್ಣಮಾಲೆ ಹೇಳಲು ಬರುವುದಿಲ್ಲ" ಎಂದು ಅಜ್ಜ-ಅಜ್ಜಿಯರು ಬೇಸರ ವ್ಯಕ್ತಪಡಿಸುತ್ತಾರೆ. ನಲಿ-ಕಲಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪಿನಲ್ಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳು, ಅನಂತರ ಜ, ವ, ಮ, ಬ, ನ ಎಂಬವು ಬರುತ್ತವೆ. ಬರೆಯಲು ಸುಲಭವಾಗಿರುವ ಹಾಗೂ ಕೂಡಲೇ ಪದವಾಗಬಲ್ಲ ಅಕ್ಷರಗಳಿಗೆ ಇಲ್ಲಿ ಆದ್ಯತೆ. ಮೊದಲ ಐದು ಅಕ್ಷರಗಳಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ಎರಡನೇ ಗುಂಪು ಸೇರಿದರೆ ಮರ, ವನ, ಜನ, ದನ, ನಗರ ಸಿದ್ಧ. ವರ್ಣಮಾಲೆಯನ್ನು ಬಾಯಿಪಾಠವಾಗಿ ಒಪ್ಪಿಸುವ ಮಗು 'ಮರ' ಎಂಬ ಪದದ ಮುಂದೆ ತಡವರಿಸುವುದನ್ನು ಕಂಡವರಿಗೆ ಈ ಕ್ರಮದ ಉಪಯೋಗ ತಿಳಿಯುತ್ತದೆ. ಆದುದರಿಂದ ಮನೆಯಲ್ಲಿ ಮಗುವನ್ನು ಪರೀಕ್ಷಿಸಬೇಕೆನಿಸಿದರೆ ವರ್ಣಮಾಲೆಯನ್ನು ಹೇಳಿಸದೆ, ಅಂಗಡಿಯ ಫಲಕದಲ್ಲಿಯೋ ಬಸ್ಸಿನ ಹಲಗೆಯಲ್ಲಿಯೋ ಕಾಣುವ ಸರಳ ಪದವನ್ನು ಓದಿಸಿ ನೋಡಬಹುದು.

ಒಂದನೇ ತರಗತಿಯ ಕೊನೆಗೆ ಮಗುವಿಗೆ ಎಷ್ಟು ಬರಬೇಕೆಂಬುದಕ್ಕೆ 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನವು ಗುರಿಗಳನ್ನು ನಿಗದಿಪಡಿಸಿದೆ. ನಾಲ್ಕೈದು ಸರಳ ಪದಗಳುಳ್ಳ ಸಣ್ಣ ವಾಕ್ಯವನ್ನು, ಅದು ಮೊದಲು ಕಂಡಿರದ ವಾಕ್ಯವಾಗಿದ್ದರೂ, ಓದುವುದು. 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯುವುದು. ಸರಳ ಕೂಡುವ ಹಾಗೂ ಕಳೆಯುವ ಲೆಕ್ಕ ಮಾಡುವುದು. ಇವು ಶಾಲೆಯು ತಲುಪಬೇಕಾದ ಗುರಿಗಳು. ಇವುಗಳನ್ನು ಮುಂದಿಟ್ಟು ಮಗುವನ್ನು ಗದರಿಸುವುದು ಯೋಗ್ಯವಲ್ಲ. ಓದು ಹಾಗೂ ಲೆಕ್ಕದ ಬುನಾದಿಯು ಮೂರನೇ ತರಗತಿಯ ಅಂತ್ಯದೊಳಗೆ ಗಟ್ಟಿಯಾಗಬೇಕೆಂಬುದೇ ಸದರಿ ಅಭಿಯಾನದ ಒಟ್ಟು ಆಶಯವಾಗಿದೆ.

ಸಮುದಾಯದತ್ತ ಶಾಲೆ

ವರ್ಷಾಂತ್ಯದಲ್ಲಿ ಫಲಿತಾಂಶ ತಿಳಿಸುವ ಸಂದರ್ಭದಲ್ಲಿ ಪೋಷಕರನ್ನು ಶಾಲೆಗೆ ಕರೆದು 'ಸಮುದಾಯದತ್ತ ಶಾಲೆ' ಕಾರ್ಯಕ್ರಮವನ್ನು ನಡೆಸಲಾಗುತ್ತದೆ. ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ ಹಾಗೂ ಪ್ರಗತಿಯನ್ನು ಪೋಷಕರಿಗೆ ತಿಳಿಸುವುದು ಶಿಕ್ಷಣ ಹಕ್ಕು ಅಧಿನಿಯಮದ 24ನೇ ಪ್ರಕರಣದಂತೆ ಶಿಕ್ಷಕರ ಕರ್ತವ್ಯವಾಗಿದೆ. ಆದುದರಿಂದ ಓದು ಬರಹ ಬಾರದ ಪೋಷಕರೂ ಯಾವುದೇ ಸಂಕೋಚವಿಲ್ಲದೆ ಪ್ರಶ್ನಿಸಬಹುದು. ಪ್ರಗತಿ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವ ಮುನ್ನ ಅದರಲ್ಲಿ ಬರೆದಿರುವುದನ್ನು ಓದಿ ಹೇಳುವಂತೆ ಶಿಕ್ಷಕರನ್ನು ಕೋರಬಹುದು.

ಆ ದಿನ ಕೂಲಿ ಬಿಟ್ಟು ಬರಲಾಗದವರು ಬೇರೊಂದು ದಿನ, ಶಾಲೆ ಮುಚ್ಚುವುದರೊಳಗಾಗಿ, ಶಿಕ್ಷಕರನ್ನು ಭೇಟಿಯಾಗುವುದು ಒಳಿತು. ನಲಿ-ಕಲಿ ಕೊಠಡಿಯ ಮೇಲ್ಭಾಗದಲ್ಲಿ ದಾರಗಳನ್ನು ಕಟ್ಟಿ ಮಕ್ಕಳ ಚಿತ್ರ ಹಾಗೂ ಬರಹಗಳನ್ನು ತೂಗುಹಾಕಿರುವ 'ಚಪ್ಪರ' ಇರುತ್ತದೆ. ವರ್ಷದ ಕೊನೆಯಲ್ಲಿ ಅದನ್ನು ಇಳಿಸುವಾಗ ಮಗುವಿನ ಹಾಳೆಗಳನ್ನು ಮನೆಗೆ ಕೇಳಿ ಪಡೆಯಬಹುದು. ಜೂನ್ ತಿಂಗಳ ಗೀಚು ಹಾಗೂ ಮಾರ್ಚ್ ತಿಂಗಳ ಬರಹವನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಪ್ರಗತಿ ಪತ್ರ ಹೇಳದಿರುವುದು ಅಲ್ಲಿ ಕಾಣಸಿಗುತ್ತದೆ.

ದಾಖಲಾತಿ ವಹಿಯಲ್ಲಿನ ವಿವರಗಳ ಪರಿಶೀಲನೆ

ಕಲಿಕೆಯ ವಿಚಾರದಷ್ಟೇ ಮುಖ್ಯವಾದ, ಆದರೆ ಬಹುತೇಕ ಪೋಷಕರು ಗಮನಿಸದ ಒಂದು ಕೆಲಸವಿದೆ. ಮಗುವಿನ ಹೆಸರು, ಜನ್ಮದಿನಾಂಕ, ತಂದೆ-ತಾಯಿಯ ಹೆಸರು ಮತ್ತು ಜಾತಿಯ ವಿವರಗಳು ಶಾಲೆಯ ದಾಖಲಾತಿ ವಹಿಯಲ್ಲಿ ಹಾಗೂ ವಿದ್ಯಾರ್ಥಿಗಳ ಎಸ್.ಎ.ಟಿ.ಎಸ್. ಗಣಕೀಕೃತ ದಾಖಲೆಯಲ್ಲಿ ಸರಿಯಾಗಿವೆಯೇ ಎಂಬುದನ್ನು ಮೊದಲ ವರ್ಷದ ಕೊನೆಯಲ್ಲಿಯೇ ನೋಡಿಕೊಳ್ಳಬೇಕು. ದಾಖಲಾತಿಯ ದಿನ ಅವಸರದಲ್ಲಿ ಬಾಯಿಮಾತಿನಲ್ಲಿ ಹೇಳಿದ ಹೆಸರು ವಹಿಯಲ್ಲಿ ಒಂದು ರೀತಿ, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು ರೀತಿ, ಆಧಾರ್ ಕಾರ್ಡಿನಲ್ಲಿ ಮೂರನೆಯ ರೀತಿ ಇರುವ ಪ್ರಸಂಗಗಳು ವಿರಳವಲ್ಲ. ಮನೆಯಲ್ಲಿ ಕರೆಯುವ ಹೆಸರೇ ವಹಿಗೆ ಸೇರಿರುವುದೂ ಉಂಟು.

ಈ ವಹಿಯ ವಿವರಗಳೇ ಮುಂದೆ ವರ್ಗಾವಣೆ ಪ್ರಮಾಣಪತ್ರಕ್ಕೂ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೂ ಆಧಾರವಾಗುತ್ತವೆ. ವಹಿಯಲ್ಲಿ ಒಮ್ಮೆ ದಾಖಲಾದ ವಿವರವನ್ನು ಮುಖ್ಯ ಶಿಕ್ಷಕರು ತಾವಾಗಿಯೇ ಅಳಿಸಿ ಬರೆಯುವಂತಿಲ್ಲ. ಪೋಷಕರು ಲಿಖಿತ ಅರ್ಜಿಯೊಂದಿಗೆ ಜನನ ಪ್ರಮಾಣಪತ್ರ ಮುಂತಾದ ದಾಖಲೆಗಳನ್ನು ಸಲ್ಲಿಸಿ, ನಿಯಮಾನುಸಾರ ತಿದ್ದುಪಡಿ ಮಾಡಿಸಿಕೊಳ್ಳಬೇಕು. ಮಗು ಒಂದನೇ ತರಗತಿಯಲ್ಲಿರುವಾಗ ಈ ಕೆಲಸ ಸುಲಭ. ವರ್ಷಗಳು ಕಳೆದಂತೆ, ವಿಶೇಷವಾಗಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮುದ್ರಣಗೊಂಡ ನಂತರ, ಇದೇ ತಿದ್ದುಪಡಿಗೆ ಪಡಬೇಕಾದ ಶ್ರಮ ಹಾಗೂ ಖರ್ಚು ಬಹಳ ಹೆಚ್ಚು.

ಊರು ಬಿಟ್ಟು ಹೋಗುವ ಕುಟುಂಬಗಳು

ಅದೇ ಶಾಲೆಯಲ್ಲಿ ಎರಡನೇ ತರಗತಿಗೆ ಹೋಗುವ ಮಗುವಿಗೆ ಯಾವುದೇ ಪ್ರಮಾಣಪತ್ರದ ಅಗತ್ಯವಿಲ್ಲ, ಹೊಸದಾಗಿ ಅರ್ಜಿಯನ್ನೂ ಸಲ್ಲಿಸಬೇಕಾಗಿಲ್ಲ. ಶಾಲೆ ಬದಲಿಸುವವರು ಮಾತ್ರ ವರ್ಗಾವಣೆ ಪ್ರಮಾಣಪತ್ರಕ್ಕೆ (ಟಿ.ಸಿ.) ಮುಖ್ಯ ಶಿಕ್ಷಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ರಜೆಯ ದಿನಗಳಲ್ಲಿ ಶಾಲೆಗೆ ಬೀಗ ಹಾಕಿರುವುದರಿಂದ ಸಾಧ್ಯವಾದಷ್ಟೂ ಏಪ್ರಿಲ್ ಮೊದಲ ವಾರದಲ್ಲಿಯೇ ಈ ಕೆಲಸ ಮುಗಿಸುವುದು ಉತ್ತಮ.

ಆದರೆ ಎಲ್ಲ ಕುಟುಂಬಗಳಿಗೂ ಹೀಗೆ ಯೋಜಿಸಿಕೊಂಡು ಹೊರಡುವ ಅನುಕೂಲ ಇರುವುದಿಲ್ಲ. ಯಾದಗಿರಿ, ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕಾಗಿ ಬೆಂಗಳೂರಿಗೋ ಹೊರ ರಾಜ್ಯಗಳಿಗೋ ಹೋಗುವವರು, ಕಬ್ಬು ಕಡಿಯಲು ಹೋಗುವವರು, ಇಟ್ಟಿಗೆ ಭಟ್ಟಿಗಳಿಗೆ ಹೋಗುವವರು ಮೇಸ್ತ್ರಿ ಕರೆದ ದಿನವೇ ಹೊರಡಬೇಕಾಗುತ್ತದೆ. ಚಿಕ್ಕ ಮಗುವನ್ನು ಊರಿನಲ್ಲಿ ಬಿಟ್ಟು ಹೋಗಲಾಗದೆ ಜೊತೆಗೆ ಕರೆದೊಯ್ಯುತ್ತಾರೆ. ಜನವರಿಯಲ್ಲಿ ಹೋದ ಮಗು ಯುಗಾದಿಗೆ ಊರಿಗೆ ಬಂದರೂ, "ಇಷ್ಟು ದಿನ ಬಂದಿಲ್ಲ, ಹೆಸರು ತೆಗೆದಿರುತ್ತಾರೆ, ಶಿಕ್ಷಕರು ಬೈಯುತ್ತಾರೆ" ಎಂಬ ಹಿಂಜರಿಕೆಯಿಂದ ಪೋಷಕರು ಶಾಲೆಯ ಕಡೆಗೆ ಬರುವುದಿಲ್ಲ. ಜೂನ್ ತಿಂಗಳಲ್ಲಿಯೂ ಅದೇ ಹಿಂಜರಿಕೆ ಮುಂದುವರಿದರೆ ಮಗುವಿನ ಓದು ಒಂದನೇ ತರಗತಿಯಲ್ಲಿಯೇ ನಿಂತುಹೋಗುತ್ತದೆ. ಯಾರೂ ಅನುತ್ತೀರ್ಣಗೊಳಿಸದಿದ್ದರೂ ಮಗು ಶಾಲೆಯನ್ನು ಕಳೆದುಕೊಳ್ಳುವುದು ಹೀಗೆ. ಈ ಪುಟದ ಮಾಹಿತಿಯನ್ನು ಬಲ್ಲವರು ತಮ್ಮ ನೆರೆಹೊರೆಯ ಇಂತಹ ಕುಟುಂಬಗಳಿಗೆ ದಯವಿಟ್ಟು ಓದಿ ಹೇಳಬೇಕೆಂದು ಕೋರಲಾಗಿದೆ.

ಇಂತಹ ಮಗುವಿಗೆ ಕಾನೂನಿನ ರಕ್ಷಣೆ ಸ್ಪಷ್ಟವಾಗಿದೆ. ಅಧಿನಿಯಮದ 5ನೇ ಪ್ರಕರಣದಂತೆ ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೊಂದು ಶಾಲೆಗೆ ಹೋಗಬೇಕಾದ ಮಗುವಿಗೆ ಮುಖ್ಯ ಶಿಕ್ಷಕರು ಕೂಡಲೇ ವರ್ಗಾವಣೆ ಪ್ರಮಾಣಪತ್ರ ನೀಡತಕ್ಕದ್ದು. ವಿಳಂಬ ಮಾಡುವವರು ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಹೆಚ್ಚಿನ ಮಹತ್ವದ ಮಾತೆಂದರೆ, ಪ್ರಮಾಣಪತ್ರ ತರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವುದನ್ನು 14ನೇ ಪ್ರಕರಣವೂ, ವರ್ಷದ ಆರಂಭ ಕಳೆದುಹೋಯಿತೆಂದು ನಿರಾಕರಿಸುವುದನ್ನು 15ನೇ ಪ್ರಕರಣವೂ ನಿಷೇಧಿಸುತ್ತವೆ. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು 9ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಓದು ತಪ್ಪಿಹೋದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದ ಭಾಗಕ್ಕೆ ವಿಶೇಷ ತರಬೇತಿ ನೀಡಲು 4ನೇ ಪ್ರಕರಣದಲ್ಲಿ ಅವಕಾಶವಿದೆ.

ಹೊರಡುವ ಮುನ್ನ ಒಂದು ದಿನದ ಮಟ್ಟಿಗಾದರೂ ಸಮಯ ದೊರೆತರೆ, ಪೋಷಕರು ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆಯನ್ನು ಶಿಕ್ಷಕರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊಸ ಊರಿನ ಶಾಲೆಯು ಈ ಸಂಖ್ಯೆಯಿಂದ ಮಗುವಿನ ದಾಖಲೆಯನ್ನು ಗುರುತಿಸಬಹುದು. ಮಗು ತಲುಪಿರುವ ಮೆಟ್ಟಿಲನ್ನೂ ಅದೇ ಚೀಟಿಯಲ್ಲಿ ಬರೆಸಿಕೊಂಡರೆ ಹೊಸ ಶಿಕ್ಷಕರು ಮಗುವನ್ನು ಮೊದಲಿನಿಂದ ಪರೀಕ್ಷಿಸುವ ಅಗತ್ಯ ಬೀಳದು.

ರಜೆಯ ಏಳು ವಾರಗಳು

ಬೇಸಿಗೆ ರಜೆಯಲ್ಲಿ ಮಗುವಿಗೆ ಪಾಠ ಹೇಳಿಸುವ ಅಗತ್ಯವಿಲ್ಲ. ಆದರೆ ಹೊಸದಾಗಿ ಓದಲು ಕಲಿತ ಮಗು ಏಳು ವಾರಗಳ ಕಾಲ ಒಂದಕ್ಷರವನ್ನೂ ಕಾಣದಿದ್ದರೆ ಕಲಿತದ್ದು ಮಸುಕಾಗುವುದು ಸಹಜ. ಶಾಲೆಯ ಗ್ರಂಥಾಲಯದ ಕಥೆ ಪುಸ್ತಕಗಳನ್ನು ರಜೆಗೆ ಕೊಡುವ ಶಿಕ್ಷಕರಿದ್ದಾರೆ, ಕೇಳಿ ನೋಡಬಹುದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸಂತೆಗೆ ಹೋದಾಗ ಮಾವಿನಹಣ್ಣುಗಳನ್ನು ಎಣಿಸುವುದು, ಚಿಲ್ಲರೆ ಲೆಕ್ಕ ಮಾಡುವುದು, ಅಜ್ಜಿಯ ಕಥೆಯನ್ನು ತಿರುಗಿ ಹೇಳುವುದು ಈ ವಯಸ್ಸಿಗೆ ಸಾಕಾಗುವಷ್ಟು ಅಭ್ಯಾಸವೇ ಆಗಿದೆ.

ರಜೆಯಲ್ಲಿ ಸಾಮಾನ್ಯವಾಗಿ ಬಿಸಿಯೂಟ ಇರುವುದಿಲ್ಲ. ಬರಪೀಡಿತವೆಂದು ಘೋಷಿಸಲಾದ ತಾಲ್ಲೂಕುಗಳಲ್ಲಿ ಸರ್ಕಾರವು ಆದೇಶಿಸಿದಾಗ ರಜೆಯಲ್ಲಿಯೂ ಊಟ ನೀಡಲಾಗುತ್ತದೆ. 2024ರ ಬೇಸಿಗೆಯಲ್ಲಿ ಹೀಗೆ ನೀಡಲಾಗಿತ್ತು. ತಮ್ಮ ತಾಲ್ಲೂಕಿಗೆ ಅಂತಹ ಆದೇಶವಿದೆಯೇ ಎಂಬುದನ್ನು ಶಾಲೆ ಮುಚ್ಚುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು.

ಶಾಲೆ ಪುನರಾರಂಭವಾದ ದಿನ ಮಗುವನ್ನು ನೇರವಾಗಿ ಕಳುಹಿಸಬಹುದು. ಎರಡನೇ ತರಗತಿಯ ಹಾಜರಿ ಪುಸ್ತಕದಲ್ಲಿ ಅದರ ಹೆಸರು ಇರುತ್ತದೆ. ಹೆಸರು ಕಂಡುಬಾರದಿದ್ದಲ್ಲಿ, ಮಗುವನ್ನು ಒಂದನೇ ತರಗತಿಯಲ್ಲಿಯೇ ಕೂರಿಸಿದಲ್ಲಿ, ಅಥವಾ ವರ್ಗಾವಣೆ ಪ್ರಮಾಣಪತ್ರ ದೊರೆಯದಿದ್ದಲ್ಲಿ ಮೊದಲು ಮುಖ್ಯ ಶಿಕ್ಷಕರನ್ನೂ, ಅನಂತರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರನ್ನೂ ಕಾಣಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮಗುವಿನ ಹೆಸರು, ಶಾಲೆಯ ಹೆಸರು ಮತ್ತು ತೊಂದರೆಯ ವಿವರವನ್ನು ಬಿಳಿಹಾಳೆಯ ಮೇಲೆ ಬರೆದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಸಲ್ಲಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು.